ಕೊನೆಯಿಂದ ಮೂರನೆಯ ಸಾಲು

ಟೋಕಿಯೊ ಒಲಿಂಪಿಕ್ಸ್‌ನ ಹಾಯಿದೋಣಿ ಫಲಿತಾಂಶಗಳಲ್ಲಿ ಪುರುಷರ ಫೋರ್ಟಿನೈನರ್ ವರ್ಗಕ್ಕೆ ಒಂದು ಪಟ್ಟಿ ಇದೆ. ಒಟ್ಟು 19 ದೋಣಿ. ಮೇಲೆ ಬ್ರಿಟನ್, ನ್ಯೂಜಿಲೆಂಡ್, ಜರ್ಮನಿ. ಕೆಳಗಿಳಿಯುತ್ತ ಹೋದರೆ 17ನೆಯ ಸ್ಥಾನದಲ್ಲಿ ಭಾರತ. ದೋಣಿ ಇಬ್ಬರದಾದ್ದರಿಂದ ಒಂದೇ ಸಾಲಿನಲ್ಲಿ ಇಬ್ಬರ ಹೆಸರು. ಒಬ್ಬರು ಚೆನ್ನೈನ ವರುಣ್ ಠಕ್ಕರ್. ಇನ್ನೊಬ್ಬರ ಹೆಸರಿನಲ್ಲಿ ಮೂರು ಭಾಗ: ಕೇಳಪಂಡ, ಚೆಂಗಪ್ಪ, ಗಣಪತಿ.

ಒಲಿಂಪಿಕ್ಸ್‌ನಲ್ಲಿ ಆಡಿದ ಕನ್ನಡ ನಾಡಿನವರ ಪಟ್ಟಿಯೊಂದನ್ನು ದಾವಣಗೆರೆಯಲ್ಲಿ ಕೂತು ಸಿದ್ಧಪಡಿಸುತ್ತಿದ್ದಾಗ ಈ ಸಾಲಿನವರೆಗೆ ಬರಲು ಸಾಕಷ್ಟು ಸುತ್ತಬೇಕಾಯಿತು. ಹಾಕಿ, ಅಥ್ಲೆಟಿಕ್ಸ್, ಈಜು, ಬ್ಯಾಡ್ಮಿಂಟನ್ ಖಾನೆಗಳು ಬೇಗ ತುಂಬಿದವು. ಹಾಯಿದೋಣಿಯ ಖಾನೆ ಮಾತ್ರ ಖಾಲಿ ಉಳಿಯಿತು. ಟೋಕಿಯೊ ಅಂದರೆ ನಮ್ಮಲ್ಲಿ ನೆನಪಾಗುವುದು ಕುದುರೆ ಸವಾರಿಯ ಫವಾದ್ ಮಿರ್ಜಾ, ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್, ಈಜುಗಾರ ಶ್ರೀಹರಿ ನಟರಾಜ್. ಇನ್ನು ದಾವಣಗೆರೆಯವರಿಗೆ ಆಟ ಅಂದರೆ ಗರಡಿಮನೆಯ ಕುಸ್ತಿ, ಇಲ್ಲವೇ ‘ದಾವಣಗೆರೆ ಎಕ್ಸ್‌ಪ್ರೆಸ್’ ಆರ್. ವಿನಯ್ ಕುಮಾರ್ ಅವರ ಕ್ರಿಕೆಟ್. ಹಾಯಿದೋಣಿಯ ಬಗ್ಗೆ ಕೇಳಿದರೆ, ಅದು ಸಮುದ್ರದ ಕಡೆಯವರ ಆಟ, ಮುಂಬೈ ಪಾರ್ಸಿಗಳ ಆಟ, ನೌಕಾಪಡೆಯವರ ಆಟ ಎಂಬ ಉತ್ತರ ಸಿಗುತ್ತದೆ. ಉತ್ತರದಲ್ಲಿ ಬಹಳಷ್ಟು ನಿಜವಿದೆ. ಆದರೂ ಹುಡುಕದೆ ಖಾನೆಯನ್ನು ಖಾಲಿ ಬಿಡಲು ಮನಸ್ಸು ಒಪ್ಪಲಿಲ್ಲ.

ದಾವಣಗೆರೆ ಜಿಲ್ಲೆಯ ಇತಿಹಾಸ ಹುಡುಕಲು ಹೊರಟವರು ಮೊದಲು ಕಲಿಯುವ ಪಾಠವೊಂದಿದೆ. ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ‘ದಾವಣಗೆರೆ ಜಿಲ್ಲೆ’ ಎಂಬ ತಲೆಬರಹವೇ ಇಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ ಶಾಸನ ಬೇಕಿದ್ದರೆ ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟ ತೆಗೆಯಬೇಕು, ಅದು ಚಿತ್ರದುರ್ಗ ಜಿಲ್ಲೆಯ ಸಂಪುಟ. ಅದರಲ್ಲಿ ಹರಿಹರಕ್ಕೆ ಪ್ರತ್ಯೇಕ ಭಾಗವಿಲ್ಲ, ದಾವಣಗೆರೆ ತಾಲ್ಲೂಕಿನ ಶಾಸನಗಳ ನಡುವೆ ಹುಡುಕಬೇಕು. ಚನ್ನಗಿರಿ, ಹೊನ್ನಾಳಿಯ ಕಲ್ಲುಗಳು ಬೇಕೆಂದರೆ 7ನೆಯ ಸಂಪುಟ, ಶಿವಮೊಗ್ಗ. ಕಲ್ಲು ನಿಂತಲ್ಲೇ ನಿಂತಿದೆ, ಬದಲಾದದ್ದು ಕಪಾಟಿನ ಚೀಟಿ. ಇಂದಿನ ಜಿಲ್ಲೆಯ ಹೆಸರು ಹಿಡಿದು ಹೋದವರು ಬರಿಗೈಲಿ ವಾಪಸು ಬರುತ್ತಾರೆ.

ಹಾಯಿದೋಣಿಗೂ ಇದೇ ವಿಧಾನ ಹಿಡಿದೆ. ‘ಕರ್ನಾಟಕ’ ಎಂಬ ಚೀಟಿ ಅಂಟಿಸಿದ ಕಪಾಟನ್ನು ಬಿಟ್ಟು, ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಇಬ್ಬರ ದೋಣಿಗಳನ್ನೆಲ್ಲ ಒಂದೊಂದಾಗಿ ಓದಿಕೊಂಡು ಬಂದೆ.

ಮೊದಲು ಸಿಗುವುದು 1972. ಮ್ಯೂನಿಕ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆ ನಡೆದದ್ದು ದೂರದ ಕೀಲ್ ಬಂದರಿನಲ್ಲಿ. ಅಲ್ಲಿ ನೌಕಾಪಡೆಯ ಸೊಹ್ರಾಬ್ ಕಾಂಟ್ರಾಕ್ಟರ್ ತಮ್ಮ ಜೊತೆಗಾರನೊಂದಿಗೆ ಫ್ಲೈಯಿಂಗ್ ಡಚ್‌ಮನ್ ವರ್ಗದಲ್ಲಿ ಇಳಿದರು. ಆರು ಮೀಟರಿಗೂ ತುಸು ಉದ್ದದ ಆ ದೋಣಿ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ, 1950ರ ದಶಕದ ಆರಂಭದಲ್ಲಿ. 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ, ಇಬ್ಬರು ಓಡಿಸುವ ವೇಗದ ದೋಣಿ ಅದು. ಬ್ರಿಟನ್ನಿನ ರಾಡ್ನಿ ಪ್ಯಾಟಿಸನ್ 1968 ಮತ್ತು 1972ರಲ್ಲಿ ಚಿನ್ನ, 1976ರಲ್ಲಿ ಬೆಳ್ಳಿ ಗೆದ್ದದ್ದು ಇದೇ ವರ್ಗದಲ್ಲಿ. ಒಬ್ಬ ಚುಕ್ಕಾಣಿ ಹಿಡಿದು ಅಂಚಿನ ಮೇಲೆ ಕೂತರೆ ಇನ್ನೊಬ್ಬ ಕೂವೆಮರಕ್ಕೆ ಕಟ್ಟಿದ ತಂತಿಗೆ ತನ್ನ ಸೊಂಟಪಟ್ಟಿಯನ್ನು ಸಿಕ್ಕಿಸಿಕೊಂಡು ಇಡೀ ದೇಹವನ್ನು ನೀರಿನ ಮೇಲೆ ಚಾಚುತ್ತಾನೆ. ಗಾಳಿ ದೋಣಿಯನ್ನು ಒಂದು ಪಕ್ಕಕ್ಕೆ ಒರಗಿಸಲು ನೋಡುತ್ತದೆ, ಆತನ ಮೈಭಾರ ಅದನ್ನು ಎದುರು ಪಕ್ಕಕ್ಕೆ ಎಳೆದು ನಿಲ್ಲಿಸುತ್ತದೆ. ಟ್ರಪೀಜ್ ಎನ್ನುವುದು ಈ ತಂತಿಗೇ.

ಆಮೇಲೆ ಫೋರ್‌ಸೆವೆಂಟಿ. ಫ್ರಾನ್ಸಿನ ಆಂದ್ರೆ ಕೊರ್ನೂ 1963ರಲ್ಲಿ ರೂಪಿಸಿದ, 470 ಸೆಂಟಿಮೀಟರ್ ಉದ್ದದ ದೋಣಿ. 1984ರ ಲಾಸ್ ಏಂಜಲಿಸ್‌ನಲ್ಲಿ ಫಾರೂಕ್ ತಾರಾಪೋರ್ ಮತ್ತು ಧ್ರುವ್ ಭಂಡಾರಿ, 1988ರ ಸೋಲ್‌ನಲ್ಲಿ ತಾರಾಪೋರ್ ಮತ್ತು ಕೆಲ್ಲಿ ರಾವ್, 1992ರ ಬಾರ್ಸಿಲೋನಾದಲ್ಲಿ ತಾರಾಪೋರ್ ಮತ್ತು ಸೈರಸ್ ಕಾಮಾ. ಮೂರು ಒಲಿಂಪಿಕ್ಸ್‌ನಲ್ಲೂ ಮುಂದಿನ ಹೆಸರು ಒಂದೇ, ಜೊತೆಗಾರ ಮಾತ್ರ ಬೇರೆ ಬೇರೆ. ತಾರಾಪೋರ್ ಅದಕ್ಕೂ ಮೊದಲೇ, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ, ಜರೀರ್ ಕರಂಜಿಯಾ ಜೊತೆ ಫೈರ್‌ಬಾಲ್ ವರ್ಗದ ಚಿನ್ನ ಗೆದ್ದಿದ್ದರು. ಆ ಸ್ಪರ್ಧೆ ನಡೆದದ್ದು ಮುಂಬೈ ಸಮುದ್ರದಲ್ಲಿ. ಒಲಿಂಪಿಕ್ಸ್‌ನ ಆಚೆ ಹೋಮಿ ಮೋತಿವಾಲಾ ಮತ್ತು ಪಿ.ಕೆ. ಗರ್ಗ್ ಅವರದು ಇನ್ನೊಂದು ಜೋಡಿ. 1994-95ನೇ ಸಾಲಿನ ಖೇಲ್ ರತ್ನ ಪ್ರಶಸ್ತಿ ಇಬ್ಬರಿಗೂ ಒಟ್ಟಿಗೆ ಬಂತು. ಅವರ ದೋಣಿ ಎಂಟರ್‌ಪ್ರೈಸ್. ನೀಲಿ ಹಾಯಿಯ, ಟ್ರಪೀಜ್ ಇಲ್ಲದ, ಸರಳವಾದ ದೋಣಿ. ಇಂಗ್ಲೆಂಡಿನಲ್ಲಿ ಜಾಕ್ ಹೋಲ್ಟ್ 1956ರಲ್ಲಿ ರೂಪಿಸಿದ್ದು ನಮ್ಮ ಸೇನೆಯ ಕೆರೆ-ಕೊಳಗಳಲ್ಲಿ ದಶಕಗಟ್ಟಲೆ ಓಡಿತು.

ಈ ಪಟ್ಟಿ ಓದುವಾಗ ಕಣ್ಣು ‘ರಾವ್’ ಮೇಲೆ ನಿಂತೇ ನಿಲ್ಲುತ್ತದೆ. ಆಸೆ ಹುಟ್ಟುವ ಜಾಗ ಅದು. ಆದರೆ ರಾವ್ ಅನ್ನುವುದು ಕನ್ನಡಿಗರಿಗೂ ಉಂಟು, ತೆಲುಗರಿಗೂ ಉಂಟು, ಮರಾಠಿಗರಿಗೂ ಉಂಟು. ಅಡ್ಡಹೆಸರು ನೋಡಿ ಊರು ಕಟ್ಟುವುದು ನಮ್ಮ ಸ್ಥಳೀಯ ಇತಿಹಾಸಗಳನ್ನು ಬಹಳ ಕೆಡಿಸಿದೆ. ಎಲ್ಲೋ ಒಂದು ಶಾಸನದಲ್ಲಿ ಕಂಡ ಹೆಸರನ್ನು ಎಳೆದು ತಂದು ತಮ್ಮ ಮನೆತನಕ್ಕೆ ಜೋಡಿಸಿಕೊಂಡ ಪುಸ್ತಿಕೆಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತವೆ. ಆ ದಾರಿ ಬೇಡವೆಂದು ರಾವ್ ಅವರನ್ನು ಪಟ್ಟಿಗೆ ಸೇರಿಸದೆ ಮುಂದೆ ಹೋದೆ.

2004ರಲ್ಲಿ ಅಥೆನ್ಸ್. ಮಾಲವ್ ಶ್ರಾಫ್ ಮತ್ತು ಸುಮೀತ್ ಪಟೇಲ್. ವರ್ಗದ ಹೆಸರು ಮೊದಲ ಬಾರಿಗೆ ಫೋರ್ಟಿನೈನರ್. ಅಲ್ಲಿಂದ ಒಂದೇ ನೆಗೆತಕ್ಕೆ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಅಲ್ಲಿನ ಆಗಸ್ಟ್ 31ರ ಫಲಿತಾಂಶಗಳಲ್ಲಿ ಭಾರತಕ್ಕೆ ಫೋರ್ಟಿನೈನರ್ ಕುಟುಂಬದ ದೋಣಿಗಳಿಂದಲೇ ಎರಡು ಪದಕ. ಮಹಿಳೆಯರ ಫೋರ್ಟಿನೈನರ್ ಎಫ್‌ಎಕ್ಸ್‌ನಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೆಗಾರ್ ಬೆಳ್ಳಿ, ಪುರುಷರ ಫೋರ್ಟಿನೈನರ್‌ನಲ್ಲಿ ವರುಣ್ ಠಕ್ಕರ್ ಮತ್ತು ಗಣಪತಿ ಕಂಚು. ಶೇರ್ವೆಗಾರ್ ಎಂಬ ಹೆಸರು ಕುಂದಾಪುರ, ಬೈಂದೂರು ಕಡೆಯವರಿಗೆ ಪಕ್ಕದ ಮನೆಯ ಹೆಸರು. ರಾವ್ ವಿಷಯದಲ್ಲಿ ಪಾಲಿಸಿದ ನಿಯಮವನ್ನು ಇಲ್ಲಿ ಸಡಿಲಿಸುವುದು ನ್ಯಾಯವಲ್ಲ. ಪಟ್ಟಿ ಒಲಿಂಪಿಕ್ಸ್‌ನದು, ಈ ಪದಕ ಏಷ್ಯನ್ ಕ್ರೀಡಾಕೂಟದ್ದು. ಆದರೂ ಆ ಬೆಳ್ಳಿಯನ್ನು ಓದಿ ದಾಟಿ ಹೋಗುವುದು ಆಗಲಿಲ್ಲ. ಎಫ್‌ಎಕ್ಸ್‌ನಲ್ಲಿ ಭಾರತದ ಇಬ್ಬರು ಹೆಣ್ಣುಮಕ್ಕಳು ಏಷ್ಯಾದ ಎರಡನೆಯ ಸ್ಥಾನಕ್ಕೆ ಬಂದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹೀಗೆ ಗಣಪತಿ ಹೆಸರು ಮೊದಲು ಕೈಗೆ ಸಿಕ್ಕಿದ್ದು ಜಕಾರ್ತದಲ್ಲಿ. ಪತ್ರಿಕಾ ವರದಿಗಳಲ್ಲಿ ಅವರು ಕೆ.ಸಿ. ಗಣಪತಿ, ಚೆನ್ನೈನ ನಾವಿಕ. ಒಂದು ದಾಖಲೆಯಲ್ಲಿ ಗಣಪತಿ ಚೆಂಗಪ್ಪ. ಇನ್ನೊಂದರಲ್ಲಿ ಗಣಪತಿ ಕೇಳಪಂಡ. ಅಂತರರಾಷ್ಟ್ರೀಯ ಫಲಿತಾಂಶದ ಪಟ್ಟಿಗಳಿಗೆ ಹೆಸರಿನಲ್ಲಿ ಒಂದು ಸ್ವಂತದ್ದು, ಒಂದು ಮನೆತನದ್ದು ಬೇಕು. ಮೂರು ಭಾಗದ ಹೆಸರು ಬಂದರೆ ಅದನ್ನು ತಿರುವಿ ಮುರುವಿ ತುಂಬುತ್ತಾರೆ. ಚೆನ್ನೈನವರು ‘ಕೆ.ಸಿ.’ ಎಂದು ಕುಗ್ಗಿಸಿದಾಗ ಸುಳಿವೇ ಅಳಿಸಿಹೋಗುತ್ತದೆ. ಪೂರ್ತಿ ಹೆಸರನ್ನು ಇಟ್ಟ ಕ್ರಮದಲ್ಲೇ ಓದಿದರೆ ಮಾತ್ರ ಅದು ಮಡಿಕೇರಿಯ ದಾರಿ ತೋರಿಸುತ್ತದೆ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ. ಕೇಳಪಂಡ ಒಂದು ಕೊಡವ ಒಕ್ಕ. ಇಲ್ಲಿ ರಾವ್ ತರಹದ ಗೊಂದಲ ಇಲ್ಲ. ಒಕ್ಕದ ಹೆಸರು ಹತ್ತಾರು ಭಾಷೆಗಳಲ್ಲಿ ಹಂಚಿಹೋಗುವುದಿಲ್ಲ, ಒಂದು ನೆಲಕ್ಕೆ ಅಂಟಿಕೊಂಡಿರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಹಾಕಿ ಹಬ್ಬದಲ್ಲಿ ತಂಡಗಳು ಇಳಿಯುವುದೇ ಒಕ್ಕದ ಹೆಸರಿನಲ್ಲಿ. ಕೊಡಗಿನ ಮಟ್ಟಿಗೆ ಒಕ್ಕವೇ ಊರು, ಒಕ್ಕವೇ ವಿಳಾಸ.

ನಮ್ಮ ಪಟ್ಟಿಯ ಹಾಕಿ ಖಾನೆಯಲ್ಲಿ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರ ಹೆಸರುಗಳು ಎಂದೋ ಕೂತಿದ್ದವು. ಅದೇ ಕೊಡಗಿನ ಒಕ್ಕವೊಂದರ ಹುಡುಗ ಸಮುದ್ರದ ಆಟದಲ್ಲಿ ಒಲಿಂಪಿಕ್ಸ್‌ವರೆಗೆ ಹೋದರೂ ಹಾಯಿದೋಣಿಯ ಖಾನೆ ಖಾಲಿ ಉಳಿದದ್ದಕ್ಕೆ ಕಾರಣ ಇಷ್ಟೆ: ಗಣಪತಿ ಬೆಳೆದದ್ದು, ಕಲಿತದ್ದು ಚೆನ್ನೈನಲ್ಲಿ. ಹರಿಹರದ ಶಾಸನ ಚಿತ್ರದುರ್ಗದ ಸಂಪುಟದಲ್ಲಿ ಕೂತ ಹಾಗೆ ಅವರ ಹೆಸರು ತಮಿಳುನಾಡಿನ ಕಪಾಟಿನಲ್ಲಿ ಕೂತಿದೆ. ಅಲ್ಲಿರುವುದು ಸರಿಯಾದದ್ದೇ. ಕಲಿಸಿದವರು ಅವರು, ಕಡಲು ಕೊಟ್ಟವರು ಅವರು. ಆದರೆ ಅಲ್ಲಿದೆ ಎಂಬ ಕಾರಣಕ್ಕೆ ಇಲ್ಲಿ ಇರಬಾರದು ಎಂದೇನಿಲ್ಲ.

ಇನ್ನು ಅವರು ಓಡಿಸಿದ ದೋಣಿಯ ಬಗ್ಗೆ ಹೇಳದೆ ಹೋದರೆ ‘17ನೆಯ ಸ್ಥಾನ’ ಎಂಬ ಮಾತಿಗೆ ಅರ್ಥವೇ ಬರುವುದಿಲ್ಲ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬೆತ್‌ವೇಟ್ ಎಂಬ ಕುಟುಂಬವಿದೆ. ತಂದೆ ಫ್ರಾಂಕ್ ಬೆತ್‌ವೇಟ್ ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ಆಮೇಲೆ ಗಾಳಿಯ ನಡೆಯನ್ನು ವಿಜ್ಞಾನಿಯ ಶ್ರದ್ಧೆಯಿಂದ ಅಳೆದು ದೋಣಿಗಳನ್ನು ರೂಪಿಸಿದವರು. ಮಗ ಜೂಲಿಯನ್ ಸಿಡ್ನಿ ಬಂದರಿನ 18 ಅಡಿ ಸ್ಕಿಫ್ ದೋಣಿಗಳಲ್ಲಿ ಪಳಗಿದವರು. ದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿದ ಕೋಲಿಗೆ ದೊಡ್ಡ ಅಸಮ ಹಾಯಿಯನ್ನು ಕಟ್ಟುವ ಪದ್ಧತಿಯನ್ನು 1980ರ ದಶಕದಲ್ಲಿ ಆ ಸ್ಕಿಫ್‌ಗಳ ಮೇಲೆ ಪಳಗಿಸಿದ್ದು ಜೂಲಿಯನ್. ಅದೇ ಅನುಭವವನ್ನು ಇಬ್ಬರು ಹೊರಬಹುದಾದಷ್ಟು ಚಿಕ್ಕದಾಗಿಸಿದಾಗ ಫೋರ್ಟಿನೈನರ್ ಹುಟ್ಟಿತು. ಹೆಸರು ಬಂದದ್ದು 4.99 ಮೀಟರ್ ಉದ್ದದಿಂದ. 1996ರಲ್ಲಿ ಇಟಲಿಯ ಗಾರ್ಡಾ ಸರೋವರದಲ್ಲಿ ಹೊಸ ಒಲಿಂಪಿಕ್ ದೋಣಿಗಾಗಿ ಪರೀಕ್ಷೆ ಏರ್ಪಡಿಸಿದರು. ಹಲವು ದೋಣಿಗಳನ್ನು ನೀರಿಗಿಳಿಸಿ, ಓಡಿಸಿ ನೋಡಿ ಇದನ್ನು ಆರಿಸಿದರು. ಫ್ಲೈಯಿಂಗ್ ಡಚ್‌ಮನ್ ಬಿಟ್ಟುಹೋದ ಜಾಗಕ್ಕೆ ಅದಕ್ಕಿಂತ ಬಹಳ ಚುರುಕಾದ ವಾರಸುದಾರ ಬಂದ ಹಾಗಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, ಹುಟ್ಟಿದ ಬಂದರಿನಲ್ಲೇ, ಮೊದಲ ಸ್ಪರ್ಧೆ. ಚಿನ್ನ ಮಾತ್ರ ಫಿನ್ಲೆಂಡಿನ ಯುರ್ಕಿ ಯಾರ್ವಿ ಮತ್ತು ಥಾಮಸ್ ಯೋಹಾನ್ಸನ್ ಪಾಲಾಯಿತು.

ಹತ್ತಿರದಿಂದ ನೋಡಿದರೆ ಇದು ದೋಣಿಗಿಂತ ಒಂದು ಒಪ್ಪಂದ. ಒಡಲಿನ ತೂಕ ಸುಮಾರು 94 ಕಿಲೊ. ಎರಡೂ ಪಕ್ಕಕ್ಕೆ ರೆಕ್ಕೆ ಚಾಚಿದರೆ ಅಗಲ 2.9 ಮೀಟರ್. ಗಾಳಿಗೆ ಎದುರು ಹೋಗುವಾಗ ಎರಡು ಹಾಯಿ ಸೇರಿ 21 ಚದರ ಮೀಟರ್ ಬಟ್ಟೆ, ಗಾಳಿಯ ಜೊತೆ ಹೋಗುವಾಗ ಅದರ ಮೇಲೆ ಇನ್ನೂ ಸುಮಾರು 38 ಚದರ ಮೀಟರಿನ ಒಂದೇ ಹಾಯಿ. ಯಾರೂ ಹಿಡಿಯದೆ ನಿಲ್ಲಿಸಿದರೆ ದಡದ ಪಕ್ಕದ ತಿಳಿನೀರಿನಲ್ಲೂ ಮಗುಚಿಕೊಳ್ಳುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸುವುದು ಅದರ ವೇಗ ಮತ್ತು ಇಬ್ಬರ ಮೈಭಾರ, ಬೇರೇನಲ್ಲ. ಹಳೆಯ ದೋಣಿಗಳಲ್ಲಿ ಒಬ್ಬನಿಗೆ ಟ್ರಪೀಜ್, ಇಲ್ಲಿ ಇಬ್ಬರಿಗೂ. ಇಬ್ಬರೂ ರೆಕ್ಕೆಯ ತುದಿಯಲ್ಲಿ ಪಾದ ಊರಿ, ತಂತಿಗೆ ಜೋತು, ನೀರಿನ ಮೇಲೆ ಅಡ್ಡಡ್ಡ ನಿಂತಿರುತ್ತಾರೆ. ಚುಕ್ಕಾಣಿಗನ ಕೈಯಲ್ಲಿ ಉದ್ದನೆಯ ಕೋಲು. ಗಾಳಿಗೆ ಎದುರು ಓಡುವಾಗ ದೊಡ್ಡ ಹಾಯಿಯ ಹಗ್ಗ ಇರುವುದು ಇನ್ನೊಬ್ಬನ ಕೈಯಲ್ಲಿ. ಬೇರೆ ಹೆಚ್ಚಿನ ದೋಣಿಗಳಲ್ಲಿ ಆ ಹಗ್ಗವನ್ನೂ ಚುಕ್ಕಾಣಿಗನೇ ಹಿಡಿಯುತ್ತಾನೆ, ಇಲ್ಲಿ ಹಾಗಲ್ಲ. ಒಬ್ಬ ದಿಕ್ಕು ನೋಡುತ್ತಾನೆ, ಇನ್ನೊಬ್ಬ ದೋಣಿಯ ಬಲವನ್ನು ಬಿಗಿದು, ಸಡಿಲಿಸಿ, ಮತ್ತೆ ಬಿಗಿದು ಕ್ಷಣಕ್ಷಣಕ್ಕೂ ಸಂಭಾಳಿಸುತ್ತಾನೆ. ಗಾಳಿಯ ಒಂದು ಹೊಡೆತ ಬಂದಾಗ ಇಬ್ಬರೂ ಮಾತಿಲ್ಲದೆ ಒಂದೇ ತೀರ್ಮಾನಕ್ಕೆ ಬರಬೇಕು. ಒಬ್ಬ ತಡ ಮಾಡಿದರೆ ಇಬ್ಬರೂ ನೀರಲ್ಲಿ.

ದಿಕ್ಕು ಬದಲಿಸುವಾಗ ಇಬ್ಬರೂ ತಂತಿ ಬಿಡಿಸಿಕೊಂಡು, ಹಾಯಿಯ ಅಡ್ಡಮರದಡಿ ತಲೆ ತಗ್ಗಿಸಿ ನುಸುಳಿ, ಎದುರು ರೆಕ್ಕೆಗೆ ಓಡಿ, ಅಲ್ಲಿನ ತಂತಿ ಹಿಡಿದು ಹೊರಗೆ ಜಿಗಿಯಬೇಕು. ಓಟದ ಹಾದಿಯಲ್ಲಿ ಗಾಳಿ ಬರುವ ಕಡೆ ಇರುವ ಮೇಲಿನ ಗುರುತಿನ ಬಳಿ ಇನ್ನೂ ಕಷ್ಟ. ಅಲ್ಲಿ ಗಾಳಿಗೆ ಬೆನ್ನು ತಿರುಗಿಸುವ ಗಳಿಗೆಯಲ್ಲಿ ವೇಗ ಒಮ್ಮೆಲೇ ಏರುತ್ತದೆ, ಮೂತಿ ನೀರಿಗೆ ಚುಚ್ಚಿದರೆ ದೋಣಿ ಪಲ್ಟಿ, ಇಬ್ಬರೂ ತಂತಿಯ ಸಮೇತ ಮುಂದಕ್ಕೆ ಎಸೆಯಲ್ಪಡುತ್ತಾರೆ. ಅದನ್ನು ದಾಟಿದ ಕೂಡಲೆ ಒಬ್ಬ ಒಳಗೆ ಬಂದು, ಬಾವಿಯಿಂದ ನೀರು ಸೇದುವ ಹಾಗೆ ಎರಡೂ ಕೈಯಿಂದ ಹಗ್ಗ ಸೇದಿ ದೊಡ್ಡ ಹಾಯಿಯನ್ನು ಏರಿಸುತ್ತಾನೆ. ಆಮೇಲೆ ದೋಣಿ ನೀರನ್ನು ಸೀಳುವುದಿಲ್ಲ, ನೀರಿನ ಮೇಲೆ ಜಾರುತ್ತದೆ. ಒಳ್ಳೆಯ ಗಾಳಿಯಲ್ಲಿ ವೇಗ 20 ನಾಟ್ ದಾಟುತ್ತದೆ, ಅಂದರೆ ಗಂಟೆಗೆ 37 ಕಿಲೊಮೀಟರಿಗೂ ಹೆಚ್ಚು.

ಈ ವರ್ಗದ ದಾಖಲೆಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು 2008ರದು. ಬೀಜಿಂಗ್ ಒಲಿಂಪಿಕ್ಸ್‌ನ ಹಾಯಿದೋಣಿ ನಡೆದದ್ದು ಚಿಂಗ್‌ಡಾವ್ ಬಂದರಿನಲ್ಲಿ. ಫಲಿತಾಂಶದ ಪುಟದಲ್ಲಿ ಚಿನ್ನ ಡೆನ್ಮಾರ್ಕಿನ ಯೋನಾಸ್ ವಾರರ್ ಮತ್ತು ಮಾರ್ಟಿನ್ ಕಿರ್ಕೆಟರ್ಪ್ ಇಬ್ಸೆನ್ ಅವರದು. ಆದರೆ ಅಂದಿನ ಕೊನೆಯ ಓಟದ ಛಾಯಾಚಿತ್ರ ನೋಡಿದರೆ ಅವರ ಹಾಯಿಯ ಮೇಲಿನ ಗುರುತು ಕ್ರೊಯೇಷಿಯಾದ್ದು. ಪುಟ ಒಂದು ಹೇಳುತ್ತದೆ, ಚಿತ್ರ ಇನ್ನೊಂದು ಹೇಳುತ್ತದೆ, ಎರಡೂ ನಿಜ. ಆ ದಿನ ಗಾಳಿ ಬಿರುಸಾಗಿತ್ತು. ಓಟದ ಜಾಗಕ್ಕೆ ಹೋಗುವಾಗಲೇ ಡೆನ್ಮಾರ್ಕಿನ ದೋಣಿಯ ಕೂವೆಮರ ಮುರಿಯಿತು. ಈ ಕೊನೆಯ ಓಟಕ್ಕೆ, ಅಂದರೆ ಪದಕದ ಓಟಕ್ಕೆ, ಅರ್ಹತೆ ಸಿಗದೆ ಉಳಿದಿದ್ದ ಕ್ರೊಯೇಷಿಯಾದ ಪಾವ್ಲೆ ಕೊಸ್ತೊವ್ ಮತ್ತು ಪೆಟಾರ್ ತ್ಸುಪಾಚ್ ತಮ್ಮ ದೋಣಿಯನ್ನೇ ಕೊಟ್ಟರು. ಡೆನ್ಮಾರ್ಕಿನವರು ದಡಕ್ಕೆ ವಾಪಸಾಗಿ, ಅದನ್ನು ಸಜ್ಜುಗೊಳಿಸಿಕೊಂಡು, ಆರಂಭದ ಗೆರೆ ಮುಚ್ಚುವ ನಾಲ್ಕು ನಿಮಿಷದ ಗಡುವು ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ಗೆರೆ ದಾಟಿದರು. ಮುಂದೆ ಹೋದ ದೋಣಿಗಳು ಒಂದರ ಹಿಂದೊಂದು ಮಗುಚಿಕೊಳ್ಳುತ್ತಿದ್ದವು. ಇವರು ಏಳನೆಯವರಾಗಿ ಮುಗಿಸಿದರು, ಚಿನ್ನಕ್ಕೆ ಅದು ಸಾಕಾಯಿತು. ಬೇರೆ ದೋಣಿ ಬಳಸಿದ್ದರ ವಿರುದ್ಧ ದೂರು ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಗಿ ಅಲ್ಲಿ ಬಿದ್ದುಹೋಯಿತು. ಕ್ರೊಯೇಷಿಯಾದ ಇಬ್ಬರಿಗೆ ಪಿಯರ್ ದ ಕುಬರ್ತಿನ್ ಹೆಸರಿನ ನ್ಯಾಯಯುತ ಕ್ರೀಡಾಮನೋಭಾವದ ಪ್ರಶಸ್ತಿ ಬಂತು. ಆದರೆ ಚಿನ್ನ ಗೆದ್ದ ದೋಣಿ ಯಾರದೆಂದು ಫಲಿತಾಂಶದ ಪುಟ ಇಂದಿಗೂ ಹೇಳುವುದಿಲ್ಲ. ದಾಖಲೆಯ ಖಾನೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ನಂತರದ ಅಧ್ಯಾಯ ನ್ಯೂಜಿಲೆಂಡಿನ ಪೀಟರ್ ಬರ್ಲಿಂಗ್ ಮತ್ತು ಬ್ಲೇರ್ ಟ್ಯೂಕ್ ಅವರದು. 2012ರ ಲಂಡನ್‌ನಲ್ಲಿ ಆಸ್ಟ್ರೇಲಿಯಾದವರಿಗೆ ಸೋತು ಬೆಳ್ಳಿ ಪಡೆದರು, ಆಮೇಲೆ 2016ರ ರಿಯೊವರೆಗೆ ಈ ವರ್ಗದ ಒಂದು ಕೂಟದಲ್ಲೂ ಸೋಲಲಿಲ್ಲ. ರಿಯೊದಲ್ಲಿ ಕೊನೆಯ ಪದಕದ ಓಟಕ್ಕೆ ಮೊದಲೇ ಚಿನ್ನ ಅವರದಾಗಿತ್ತು. ಅದೇ ರಿಯೊದಲ್ಲಿ ಎಫ್‌ಎಕ್ಸ್ ಮೊದಲ ಬಾರಿ ಬಂತು. ಅದೇ ಒಡಲು, ಚಿಕ್ಕ ಕೂವೆ, ಚಿಕ್ಕ ಹಾಯಿ. ಬ್ರೆಜಿಲ್‌ನ ಮಾರ್ಟಿನೆ ಗ್ರೇಲ್ ಮತ್ತು ಕಾಹೇನಾ ಕುಂಜೆ ತಮ್ಮೂರಿನ ಗ್ವಾನಬಾರಾ ಕೊಲ್ಲಿಯಲ್ಲಿ ಕೊನೆಯ ಓಟವನ್ನು ನ್ಯೂಜಿಲೆಂಡಿನವರಿಗಿಂತ ಎರಡು ಸೆಕೆಂಡ್ ಮುಂದಾಗಿ ಮುಗಿಸಿ ಚಿನ್ನ ಗೆದ್ದರು, ಟೋಕಿಯೊದಲ್ಲಿ ಮತ್ತೆ ಗೆದ್ದರು.

ಗಣಪತಿ ಮತ್ತು ವರುಣ್ ಇಂಥ ನೀರಿಗೆ ಇಳಿದವರು. 2021ರ ಏಪ್ರಿಲ್‌ನಲ್ಲಿ ಒಮಾನ್‌ನ ಮುಸನ್ನಾದಲ್ಲಿ ನಡೆದ ಏಷ್ಯಾದ ಅರ್ಹತಾ ಕೂಟದಲ್ಲಿ ಗೆದ್ದು ಟೋಕಿಯೊ ಟಿಕೆಟ್ ಪಡೆದರು. ಅದೇ ಕೂಟದಲ್ಲಿ ನೇತ್ರಾ ಕುಮನನ್ ಒಲಿಂಪಿಕ್ ಹಾಯಿದೋಣಿಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆಯಾದರು, ಸೇನೆಯ ವಿಷ್ಣು ಸರವಣನ್ ಕೂಡ ತೇರ್ಗಡೆಯಾದರು. ಜುಲೈನಲ್ಲಿ ಎನೊಶಿಮಾ ಬಂದರಿನಲ್ಲಿ ಓಟ. ಅವರ ಎದುರಿಗೆ ಬರ್ಲಿಂಗ್ ಮತ್ತು ಟ್ಯೂಕ್. ಬ್ರಿಟನ್ನಿನ ಡಿಲನ್ ಫ್ಲೆಚರ್ ಮತ್ತು ಸ್ಟುವರ್ಟ್ ಬಿಥೆಲ್. ಬೇರೆ ದೋಣಿಗಳಲ್ಲೂ ಹಳೆಯ ಪದಕ ವಿಜೇತರು. ಕೊನೆಗೆ ಬ್ರಿಟನ್ ಮತ್ತು ನ್ಯೂಜಿಲೆಂಡ್ ಅಂಕಗಳು ಸಮವಾಗಿ, ಕೊನೆಯ ಓಟದ ಸ್ಥಾನ ನೋಡಿ ಚಿನ್ನ ಬ್ರಿಟನ್ನಿಗೆ ಹೋಯಿತು. ಇಡೀ ಜಗತ್ತಿನಿಂದ ಈ ದೋಣಿಗೆ ಸಿಕ್ಕ ಜಾಗ 19 ಮಾತ್ರ. ಅಥೆನ್ಸ್ ನಂತರ 17 ವರ್ಷಕ್ಕೆ ಭಾರತದ ಜೋಡಿ ಆ ಗೆರೆಯ ಮೇಲೆ ನಿಂತಿತ್ತು. ಕೊನೆಯಿಂದ ಮೂರನೆಯ ಆ ಸಾಲನ್ನು ನಾನು ಈಗ ಬೇರೆ ಗೌರವದಿಂದ ಓದುತ್ತೇನೆ.

ಹೆಸರು ಸಿಕ್ಕ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ನದಿ ನಮ್ಮ ಬಾಗಿಲಲ್ಲೇ ಹರಿಯುತ್ತದಲ್ಲ, ಹರಿಹರದಲ್ಲಿ ಹಾಯಿ ಏಕೆ ಇಲ್ಲ? ದಾಖಲೆಗಳಲ್ಲಿ ಹರಿಹರದ ತುಂಗಭದ್ರೆ ಕಾಣಿಸುವುದು ದಾಟುವ ನೀರಾಗಿಯೇ. ಚನ್ನಗಿರಿಯಲ್ಲಿ ಹುಟ್ಟಿ, ಟಿಪ್ಪು ಸತ್ತ ಮೇಲೆ ಇಂಗ್ಲಿಷರಿಗೆ ತಲೆನೋವಾದ ಧೋಂಡಿಯಾ ವಾಘ್‌ನ ಬೆನ್ನಟ್ಟಿ 1800ರ ಮಳೆಗಾಲದಲ್ಲಿ ಬಂದ ಆರ್ಥರ್ ವೆಲ್ಲೆಸ್ಲಿ ಇಲ್ಲೇ ಸೈನ್ಯದೊಂದಿಗೆ ಹೊಳೆ ದಾಟಿದ. ಅವನ ಪತ್ರಗಳಲ್ಲಿ ಬುಟ್ಟಿದೋಣಿಯ, ಅಂದರೆ ನಮ್ಮ ಹರಿಗೋಲಿನ, ಮಾತು ಮತ್ತೆ ಮತ್ತೆ ಬರುತ್ತದೆ. 1868ರಲ್ಲಿ ಬೆಂಗಳೂರು–ಧಾರವಾಡ ಹೆದ್ದಾರಿಗೆ 14 ಕಮಾನಿನ ಸೇತುವೆ ಮುಗಿಯಿತು, ದಾಟುವ ಚಿಂತೆಯೂ ಕಳೆಯಿತು. ಹರಿಗೋಲಿಗೆ ಮೂತಿಯೂ ಇಲ್ಲ, ಹಿಂಭಾಗವೂ ಇಲ್ಲ. ಬಂಡೆಗೆ ತಾಗಿದರೆ ತಿರುಗಿ ಮುಂದೆ ಹೋಗುತ್ತದೆ. ಆಷಾಢದಲ್ಲಿ ಕೆಂಪಾಗಿ ನುಗ್ಗುವ, ಚೈತ್ರದಲ್ಲಿ ಬಂಡೆ ಕಾಣುವಷ್ಟು ಇಳಿಯುವ ಹೊಳೆಗೆ ಅಂಬಿಗರು ಕಂಡುಕೊಂಡ ಸರಿಯಾದ ದೋಣಿ ಅದು. ನೀರಿನಡಿ ಮೀಟರಿಗೂ ಹೆಚ್ಚು ಆಳಕ್ಕೆ ಅಲಗು ಇಳಿಸುವ ಹಾಯಿದೋಣಿಗೆ ಆ ಹೊಳೆ ಹೇಳಿಸಿದ್ದಲ್ಲ.

ಕೆರೆಯ ಮಾತು ಬೇರೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಶಾಂತಿಸಾಗರ, ಎರಡು ಗುಡ್ಡಗಳ ನಡುವೆ ಏರಿ ಹಾಕಿ ಶತಮಾನಗಳ ಹಿಂದೆ ಕಟ್ಟಿದ್ದು. ತುಂಬಿದಾಗ ನೀರು ಹರಡುವುದು 2,600 ಹೆಕ್ಟೇರಿನಷ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಬಯಲಿನಲ್ಲಿ ಬೀಸುವ ನೈಋತ್ಯದ ಗಾಳಿ ಎಷ್ಟಿದೆ ಎಂಬುದಕ್ಕೆ ಚಿತ್ರದುರ್ಗ, ಜಗಳೂರು ಕಡೆಯ ಗಾಳಿಯಂತ್ರಗಳೇ ಸಾಕ್ಷಿ. ಹೈದರಾಬಾದಿನ ಹುಸೇನ್ ಸಾಗರವೂ ಕಟ್ಟಿದ ಕೆರೆಯೇ. ಆ ನಗರದ ನಡುವಿನ ನೀರಿನಲ್ಲಿ ದಶಕಗಳಿಂದ ರಾಷ್ಟ್ರೀಯ ಮಟ್ಟದ ಹಾಯಿದೋಣಿ ಕೂಟಗಳು ನಡೆಯುತ್ತಿವೆ, ಬಡ ಮನೆಗಳ ಮಕ್ಕಳು ಅಲ್ಲಿ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಯಲ್ಲಿ ಕಲಿತು ಪದಕ ಗೆಲ್ಲುತ್ತಿದ್ದಾರೆ. ಕರ್ನಾಟಕದಲ್ಲೂ ಬೆಂಗಳೂರಿನ ಹಲಸೂರು ಕೆರೆ ಎಂಇಜಿಯ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈನಿಕರಿಗೆ ದೋಣಿ ಕಲಿಸಿದೆ, ಕೆಆರ್‌ಎಸ್ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇದೆ. ಸಮುದ್ರ ಇಲ್ಲದಿರುವುದು ಕಾರಣವಲ್ಲ ಎಂದು ಇವೆಲ್ಲ ಹೇಳುತ್ತವೆ. ಗಣಪತಿ ಮತ್ತು ವರುಣ್ ಕೂಡ ಆರಂಭಿಸಿದ್ದು ಆಪ್ಟಿಮಿಸ್ಟ್‌ನಲ್ಲೇ. 2.3 ಮೀಟರಿನ, ಒಂದೇ ಹಾಯಿಯ, ಒಂದೇ ಮಗು ಕೂರುವ ದೋಣಿ ಅದು. ಸೂಳೆಕೆರೆಗೆ ಬೇಕಿರುವುದೂ ಮೊದಲು ಅಂಥ ಹತ್ತು ದೋಣಿ, ಜೀವರಕ್ಷಕ ಅಂಗಿ, ಕಲಿಸಲು ತಿಳಿದ ಒಬ್ಬರು. ದಾವಣಗೆರೆಯಲ್ಲಿ ಕುಸ್ತಿಗೆ ಕ್ರೀಡಾ ಹಾಸ್ಟೆಲ್ ಆದದ್ದು ಗರಡಿಗಳು ಮೊದಲೇ ಇದ್ದದ್ದರಿಂದ. ನೀರಿಗೆ ಆ ಮೊದಲ ಗರಡಿಯೇ ಇನ್ನೂ ಆಗಿಲ್ಲ.

ಪಟ್ಟಿಯ ಆ ಖಾನೆಯನ್ನು ಈಗ ಹೀಗೆ ತುಂಬಿದ್ದೇನೆ: ಕೇಳಪಂಡ ಚೆಂಗಪ್ಪ ಗಣಪತಿ, ಕೊಡವ ಒಕ್ಕ, ಕಲಿಕೆ ಚೆನ್ನೈ, ಟೋಕಿಯೊ, ಫೋರ್ಟಿನೈನರ್, 17ನೆಯ ಸ್ಥಾನ. ಅದೇ ಸಾಲಿನಲ್ಲಿ ವರುಣ್ ಠಕ್ಕರ್ ಹೆಸರನ್ನೂ ಬರೆದೆ. ಅವರು ನಮ್ಮ ನಾಡಿನವರಲ್ಲ, ಪಟ್ಟಿಯ ನಿಯಮ ಅವರನ್ನು ಬಿಡು ಎನ್ನುತ್ತದೆ. ಆದರೆ ಇಬ್ಬರ ದೋಣಿಯ ದಾಖಲೆಯಿಂದ ಒಬ್ಬರನ್ನು ಕಿತ್ತು ತೆಗೆದರೆ ಉಳಿಯುವುದು ಸುಳ್ಳು ದಾಖಲೆ. ಹುಟ್ಟೂರಿನ ಜೊತೆ ‘ಕಲಿತ ನೀರು’ ಎಂಬ ಇನ್ನೊಂದು ಖಾನೆಯನ್ನು ಇಡೀ ಪಟ್ಟಿಗೆ ಸೇರಿಸಿದ್ದೇನೆ. ಈಜುಗಾರರಿಗೂ ಅದು ಉಪಯೋಗಕ್ಕೆ ಬರುತ್ತಿದೆ.

2024ರ ಒಲಿಂಪಿಕ್ಸ್‌ನಲ್ಲಿ, ಮಾರ್ಸೇಲ್ ಸಮುದ್ರದಲ್ಲಿ, ಸ್ಪೇನಿನ ಡಿಯೆಗೊ ಬೊಟಿನ್ ಮತ್ತು ಫ್ಲೋರಿಯನ್ ಟ್ರಿಟ್ಟೆಲ್ ಫೋರ್ಟಿನೈನರ್ ಚಿನ್ನ ಗೆದ್ದರು. ಭಾರತದಿಂದ ಅಲ್ಲಿಗೆ ಹೋದ ವಿಷ್ಣು ಸರವಣನ್ ಮತ್ತು ನೇತ್ರಾ ಕುಮನನ್ ಇಬ್ಬರದೂ ಒಂಟಿ ದೋಣಿ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲೂ ಫೋರ್ಟಿನೈನರ್ ಮತ್ತು ಎಫ್‌ಎಕ್ಸ್ ಎರಡೂ ಇವೆ. ಅವುಗಳ ಓಟ ಲಾಸ್ ಏಂಜಲಿಸ್ ಬಂದರಿನಲ್ಲಿ, 1984ರಲ್ಲಿ ತಾರಾಪೋರ್ ಮತ್ತು ಭಂಡಾರಿ ತಮ್ಮ ಫೋರ್‌ಸೆವೆಂಟಿ ಓಡಿಸಿದ ಲಾಂಗ್ ಬೀಚ್‌ನ ಪಕ್ಕದಲ್ಲೇ. ಅರ್ಹತಾ ಕೂಟಗಳ ಫಲಿತಾಂಶ ಬಂದಾಗ ಹೆಸರುಗಳನ್ನು ಮೊದಲ ಅಕ್ಷರಕ್ಕೆ ಕುಗ್ಗಿಸದೆ, ಪೂರ್ತಿಯಾಗಿ ಓದಬೇಕು.